ಕಪ್ಪು ಕರಡಿಯನ್ನು ಕುರಿತ ಗ್ರಂಥಗಳಲ್ಲಿ ಪ್ರಮಾಣವಿಚಾರ

1

ವಿಮರ್ಶೆಯೆಂಬುದು ಕಾವ್ಯನಾಟಕಗಳಿಗೆ ಮಾತ್ರವೇ ಸಲ್ಲತಕ್ಕ ವ್ಯಾಪಾರವೆಂದು ನಮ್ಮಲ್ಲಿ ಅನೇಕರು ಭಾವಿಸಿರುವರು. ಇದು ಸರಿಯಲ್ಲ. ಯಾವ ಗ್ರಂಥವು ಓದುವವರ ನಂಬಿಕೆಯನ್ನು ರೂಪಿಸಿ, ಆ ನಂಬಿಕೆಯ ಮೂಲಕ ಅವರ ನಡತೆಯನ್ನು ನಿಯಮಿಸಲು ಹೊರಡುತ್ತದೆಯೋ ಅದು ಶಾಸ್ತ್ರವೇ ಆಗಲಿ, ಕಥೆಯೇ ಆಗಲಿ, ಯಾವ ಪ್ರಮಾಣದ ಮೇಲೆ ನಿಂತಿದೆಯೆಂದು ಕೇಳುವುದು ವಿಮರ್ಶಕನ ಕರ್ತವ್ಯ. ಪ್ರಕೃತ ಲೇಖನದಲ್ಲಿ ಉತ್ತರ ಅಮೆರಿಕದ ಕಪ್ಪು ಕರಡಿಯ ನಡವಳಿಕೆಯನ್ನೂ, ಮನುಷ್ಯನು ಅದಕ್ಕೆ ನೆರೆಯವನಾಗಿ ಬಾಳಬೇಕಾದ ಬಗೆಯನ್ನೂ ಕುರಿತ ಕೆಲವು ಗ್ರಂಥಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಲಾಗುವುದು.

ಕನ್ನಡ ಸಾಹಿತ್ಯವನ್ನು ಪಾಠ ಹೇಳುವವರಿಗೆ ಅಮೆರಿಕದ ಕರಡಿಯ ಗೊಡವೆಯೇಕೆ ಎಂಬ ಶಂಕೆ ಇಲ್ಲಿ ಹುಟ್ಟಬಹುದು. ಅದಕ್ಕೆ ಸಮಾಧಾನವು ನಮ್ಮ ಪಾಠಶಾಲೆಗಳಲ್ಲಿಯೇ ಇದೆ. ಈಸೋಪನ ಕಥೆಗಳಲ್ಲಿ ಇಬ್ಬರು ಗೆಳೆಯರೂ ಒಂದು ಕರಡಿಯೂ ಬರುವ ಕಥೆಯೊಂದುಂಟು. ಅದು ಬಹುಕಾಲದಿಂದ ಕನ್ನಡದ ಮಕ್ಕಳಿಗೆ ಪರಿಚಿತವಾದುದು. ಕಾಡುದಾರಿಯಲ್ಲಿ ಕರಡಿ ಎದುರಾಗಲು ಒಬ್ಬನು ಮರವೇರುತ್ತಾನೆ. ಇನ್ನೊಬ್ಬನು ಉಸಿರು ಬಿಗಿಹಿಡಿದು ಸತ್ತವನಂತೆ ಮಲಗುತ್ತಾನೆ. ಕರಡಿ ಅವನನ್ನು ಮೂಸಿನೋಡಿ, ಹೆಣವೆಂದು ಬಗೆದು ಹೊರಟುಹೋಗುತ್ತದೆ. ಆಪತ್ತಿನಲ್ಲಿ ಕೈಬಿಡುವವನು ಗೆಳೆಯನಲ್ಲವೆಂಬ ನೀತಿಯೇ ಈ ಕಥೆಯ ತಾತ್ಪರ್ಯ. ಕರಡಿ ಹೆಣವನ್ನು ಮುಟ್ಟುವುದಿಲ್ಲವೆಂಬ ಅಂಶವು ಮೀಮಾಂಸಕರ ಪರಿಭಾಷೆಯಲ್ಲಿ ಕೇವಲ ಅರ್ಥವಾದ. ಅದಕ್ಕೆ ಸ್ವಾರ್ಥದಲ್ಲಿ ತಾತ್ಪರ್ಯವಿಲ್ಲ. ಆದರೆ ಕಥೆ ಕೇಳಿದ ಮಗು ಎಷ್ಟೋ ವೇಳೆ ನೀತಿಯನ್ನು ಮರೆತು ಅರ್ಥವಾದವನ್ನೇ ನೆನಪಿನಲ್ಲಿಟ್ಟುಕೊಳ್ಳುತ್ತದೆ. ವಸ್ತುಸ್ಥಿತಿಯಾದರೋ ಬೇರೆ. ಕಪ್ಪು ಕರಡಿಯು ಸತ್ತ ಪ್ರಾಣಿಗಳನ್ನೂ ತಿನ್ನುವ ಜಂತು. ಅದು ಮೈಮೇಲೆ ಬಿದ್ದಾಗ ಸತ್ತಂತೆ ಮಲಗಬಾರದು, ಕೈಗೆ ಸಿಕ್ಕಿದುದರಿಂದ ಹೊಡೆದು ಎದುರಿಸಬೇಕೆಂದು ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಇಲಾಖೆ ಸ್ಪಷ್ಟವಾಗಿ ವಿಧಿಸಿದೆ. ಮರವೇರಿದ ಗೆಳೆಯನೂ ಕ್ಷೇಮಿಯಲ್ಲ. ಮರವೇರುವುದರಲ್ಲಿ ಈ ಕರಡಿ ಮನುಷ್ಯನನ್ನು ಮೀರಿಸಿದುದು. ಪ್ರಾಣಕ್ಕೆ ಸಂಬಂಧಿಸಿದ ವಿಷಯದಲ್ಲಿ ಕಥೆಯ ಒಂದು ಮಾತು ಹೀಗೆ ತಪ್ಪುದಾರಿ ತೋರಬಲ್ಲುದಾದರೆ, ಕರಡಿಯನ್ನು ಕುರಿತು ಯಾರ ಮಾತನ್ನು ಯಾವ ಕಾರಣದಿಂದ ನಂಬಬೇಕೆಂಬ ಪ್ರಶ್ನೆ ಅಲ್ಪವಾದುದಲ್ಲ.

2

ಮೊದಲು ಹೆಸರಿನ ವಿಚಾರ. ಅಮರಕೋಶವು ಈ ಪ್ರಾಣಿಗೆ ಋಕ್ಷ, ಅಚ್ಛಭಲ್ಲ, ಭಲ್ಲೂಕ ಎಂಬ ಹೆಸರುಗಳನ್ನು ಕೊಟ್ಟಿದೆ. ಋಕ್ಷಶಬ್ದಕ್ಕೆ ನಕ್ಷತ್ರವೆಂಬ ಅರ್ಥವೂ ಉಂಟು. ಸಪ್ತರ್ಷಿಗಳನ್ನು ಹಿಂದೆ ಋಕ್ಷಗಳೆಂದು ಕರೆಯುತ್ತಿದ್ದರೆಂದು ಶತಪಥಬ್ರಾಹ್ಮಣವು ಹೇಳುತ್ತದೆ. ಅದೇ ನಕ್ಷತ್ರಪುಂಜವನ್ನು ಗ್ರೀಕರೂ ಕರಡಿಯೆಂದೇ ಕರೆದರು. ಗ್ರೀಕರ ಆರ್ಕ್ಟೋಸ್, ಲ್ಯಾಟಿನ್ನಿನ ಉರ್ಸುಸ್, ನಮ್ಮ ಋಕ್ಷ ಇವು ಮೂರೂ ಒಂದೇ ಧಾತುವಿನ ಸಂತತಿಯೆಂದು ಭಾಷಾಶಾಸ್ತ್ರಜ್ಞರು ಒಪ್ಪಿರುವರು. 1780ರಲ್ಲಿ ಪಲಾಸ್ ಎಂಬ ವಿದ್ವಾಂಸನು ಅಮೆರಿಕದ ಕಪ್ಪು ಕರಡಿಗೆ ಉರ್ಸುಸ್ ಅಮೆರಿಕಾನುಸ್ ಎಂದು ಶಾಸ್ತ್ರೀಯ ನಾಮವನ್ನಿತ್ತನು.

ಇದರ ಲೋಕರೂಢಿಯ ಹೆಸರಿನಲ್ಲಿರುವ ‘ಕಪ್ಪು’ ಎಂಬ ವಿಶೇಷಣವು ಎಲ್ಲ ಕಡೆಯೂ ಅನ್ವರ್ಥವಲ್ಲ. ಅಮೆರಿಕದ ಪಶ್ಚಿಮ ಭಾಗಗಳಲ್ಲಿ ಕಂದು ಬಣ್ಣದ, ದಾಲ್ಚಿನ್ನಿಯ ಬಣ್ಣದ ಕಪ್ಪು ಕರಡಿಗಳುಂಟು. ಕೆನಡದ ಪಶ್ಚಿಮ ತೀರದಲ್ಲಿ ಬಿಳಿಯ ತುಪ್ಪಳದವೂ ಉಂಟು. ಬಣ್ಣವನ್ನೇ ಲಕ್ಷಣವೆಂದು ಹಿಡಿದರೆ ಅವ್ಯಾಪ್ತಿದೋಷವು ತಪ್ಪದು. ಅದೇ ಖಂಡದಲ್ಲಿ ವಾಸಿಸುವ ಕಂದು ಕರಡಿಯು ಬೇರೊಂದು ಜಾತಿ. ಹೆಗಲ ಮೇಲಿನ ಉಬ್ಬು ಮತ್ತು ನೀಳವಾದ ಉಗುರುಗಳು ಅದರ ಗುರುತು. ಅದು ಬೆದರಿ ತನ್ನನ್ನು ಕಾಪಾಡಿಕೊಳ್ಳಲು ಮೇಲೆ ಬಿದ್ದಾಗ ಸತ್ತಂತೆ ಮಲಗುವುದೇ ಉಪಾಯವೆಂದು ವಿಧಿ. ಕಪ್ಪು ಕರಡಿಗೆ ಇದಕ್ಕೆ ವಿಪರೀತವಾದ ವಿಧಿ. ಲಕ್ಷಣವನ್ನರಿಯದವನಿಗೆ ವಿಧಿಯ ವಿಷಯವಿಭಾಗವೂ ತಿಳಿಯದು.

3

ಇನ್ನು ಗ್ರಂಥಗಳು. ಈ ವಾಙ್ಮಯದಲ್ಲಿ ಎರಡು ಪಂಥಗಳನ್ನು ಗುರುತಿಸಬಹುದು. ಒಂದು ಕರಡಿಯ ಜೊತೆಯಲ್ಲಿ ನಡೆದು ಕಣ್ಣಾರೆ ಕಂಡುದನ್ನು ಹೇಳುವ ಪ್ರತ್ಯಕ್ಷಪಂಥ. ಇನ್ನೊಂದು ನಡೆದುಹೋದ ಅನೇಕ ಪ್ರಸಂಗಗಳನ್ನು ಕಲೆಹಾಕಿ, ಎಣಿಸಿ, ನಿಯಮವನ್ನು ಹುಡುಕುವ ಸಂಖ್ಯಾಪಂಥ.

ಪ್ರತ್ಯಕ್ಷಪಂಥದಲ್ಲಿ ಮುಖ್ಯರಾದವರು ಮೂವರು. ಮಿನೆಸೋಟ ಸಂಸ್ಥಾನದ ಈಲಿ ಎಂಬ ಊರಿನಲ್ಲಿ ನೆಲೆಸಿ ಕೆಲಸ ಮಾಡಿದ ಲಿನ್ ರಾಜರ್ಸ್ ಮಹಾಶಯರು ಮೊದಲನೆಯವರು. 1987ರಲ್ಲಿ ಪ್ರಕಟವಾದ ಅವರ ಪ್ರಬಂಧವು ಆಹಾರದ ಸಮೃದ್ಧಿಯೂ ರಕ್ತಸಂಬಂಧವೂ ಕರಡಿಯ ಜೀವನವನ್ನು ಹೇಗೆ ನಿಯಮಿಸುತ್ತವೆಯೆಂಬುದನ್ನು ವಿಸ್ತಾರವಾಗಿ ನಿರೂಪಿಸಿತು. ತಾಯಿಕರಡಿ ತನ್ನ ಸೀಮೆಯಲ್ಲಿ ಒಂದು ಭಾಗವನ್ನು ಬೆಳೆದ ಹೆಣ್ಣುಮಕ್ಕಳಿಗೆ ಬಿಟ್ಟುಕೊಡುತ್ತದೆಯೆಂಬ ಸಂಗತಿಯನ್ನು ಅದರಿಂದ ತಿಳಿಯಬಹುದು. ಎರಡನೆಯವರು ಮಿಷಿಗನ್ ಸಂಸ್ಥಾನದ ಕಾಡುಗಳಲ್ಲಿ ಮೂರು ತಲೆಮಾರಿನ ಕರಡಿಗಳ ಹಿಂದೆ ನಡೆದ ಟೆರಿ ಡಿಬ್ರುಯಿನ್. ಅವರ ‘ವಾಕಿಂಗ್ ವಿತ್ ಬೇರ್ಸ್’ 1999ರಲ್ಲಿ ಹೊರಬಂದಿತು. ಮೂರನೆಯವರು ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಲೈಮ್ ಗ್ರಾಮದ ಬೆಂಜಮಿನ್ ಕಿಲ್ಹಮ್. ನಮ್ಮ ವಿಚಾರಕ್ಕೆ ಇವರ ಗ್ರಂಥಗಳೇ ಮುಖ್ಯವಾದ ವಿಷಯ.

ಕಿಲ್ಹಮ್ ಮಹಾಶಯರ ವೃತ್ತಾಂತವು ವಿಚಾರಾರ್ಹವಾದುದು. ಅವರ ತಂದೆ ಲಾರೆನ್ಸ್ ಕಿಲ್ಹಮ್ ವೈದ್ಯವಿಜ್ಞಾನಿ. ಕಾಗೆಗಳನ್ನು ಕುರಿತು ಗ್ರಂಥ ಬರೆದವರು. ಮಗನಿಗೆ ಅಕ್ಷರಗಳನ್ನು ಓದುವುದರಲ್ಲಿ ಹುಟ್ಟಿನಿಂದಲೇ ತೊಡಕಿತ್ತು. ಬಂದೂಕುಗಳನ್ನು ಮಾಡುವ, ತಿದ್ದುವ ಕಸಬಿನಲ್ಲಿ ಪಳಗಿದವರು. 1993ರಿಂದ ಅವರು ತಬ್ಬಲಿಗಳಾದ ಕರಡಿಮರಿಗಳನ್ನು ಸಾಕಿ, ಪ್ರತಿದಿನ ಕಾಡಿನಲ್ಲಿ ನಡೆಸಿ, ಬೆಳೆದ ಮೇಲೆ ಕಾಡಿಗೇ ಬಿಡುವ ಕಾರ್ಯವನ್ನು ಕೈಗೊಂಡರು. 2002ರ ‘ಅಮಾಂಗ್ ದಿ ಬೇರ್ಸ್’, 2013ರ ‘ಔಟ್ ಆನ್ ಎ ಲಿಂಬ್’ ಎಂಬ ಎರಡು ಗ್ರಂಥಗಳು ಈ ಪರಿಶ್ರಮದ ಫಲ. ಅವರು ಸಾಕಿ ಬಿಟ್ಟ ‘ಸ್ಕ್ವರ್ಟಿ’ ಎಂಬ ಹೆಣ್ಣು ಕರಡಿ ಕಾಡಿನಲ್ಲಿ ಸ್ವತಂತ್ರವಾಗಿ ಬಾಳಿ, ಮರಿಗಳನ್ನು ಹಡೆದು, ಅನೇಕ ವರ್ಷಗಳವರೆಗೆ ಅವರ ಸಾಮೀಪ್ಯವನ್ನು ಸಹಿಸಿತು.

ಈ ಗ್ರಂಥಗಳ ಗುಣವೇನೆಂದರೆ, ಗ್ರಂಥಕಾರನ ಕಣ್ಣು ಪುಸ್ತಕದ ಮೇಲೆ ಇಲ್ಲದೆ ಪ್ರಾಣಿಯ ಮೇಲೆಯೇ ಇರುವುದು. ಮರಿಯು ಹೊಸದಾಗಿ ಕಂಡ ಎಲೆಯನ್ನು ಅಗಿದು ನುಂಗುವುದಕ್ಕೆ ಮುಂಚೆ ಬಾಯೊಳಗೆ ಇಟ್ಟು ಪರೀಕ್ಷಿಸುವುದನ್ನು ಅವರು ಕಂಡು, ಅಂಗುಳಿನಲ್ಲಿ ಇದಕ್ಕೆ ಸಾಧನವಾದ ಅಂಗವೊಂದಿದೆಯೆಂದು ಪ್ರತಿಪಾದಿಸಿರುವರು. ಕರಡಿಯು ಕೇವಲ ಏಕಾಂಗಿಯೆಂಬ ಹಳೆಯ ನಂಬಿಕೆಯನ್ನೂ ಅವರು ಪ್ರಶ್ನಿಸಿರುವರು. ಆಹಾರವು ಒಂದೆಡೆ ಮಿಕ್ಕು ಮತ್ತೊಂದೆಡೆ ಸಾಲದೆ ಹೋದ ವರ್ಷದಲ್ಲಿ ಒಂದು ಕರಡಿ ತನ್ನ ಸೀಮೆಯೊಳಕ್ಕೆ ಅನ್ಯಕರಡಿಗಳನ್ನು ಬರಗೊಡುವುದು, ಮರ್ಯಾದೆ ಮೀರಿದುದನ್ನು ದಂಡಿಸುವುದು, ಪರಿಚಿತ ಅಪರಿಚಿತಗಳೆಂಬ ಭೇದವನ್ನು ಕಾಣುವುದು, ಇವೆಲ್ಲವೂ ಅವರ ವರ್ಣನೆಯಲ್ಲಿ ಬರುತ್ತವೆ.

4

ಕಿಲ್ಹಮ್ ಮಹಾಶಯರ ಅತ್ಯಂತ ಬೆಲೆಯುಳ್ಳ ಕೊಡುಗೆ ಕರಡಿಯ ನುಡಿಯನ್ನು ಓದಿಸುವುದರಲ್ಲಿದೆಯೆಂದು ನಮ್ಮ ಅಭಿಪ್ರಾಯ. ಕಪ್ಪು ಕರಡಿಯು ಮನುಷ್ಯನನ್ನು ಕಂಡು ಬುಸ್ಸೆಂದು ಉಸಿರು ಬಿಡುತ್ತದೆ, ಹಲ್ಲುಗಳನ್ನು ಕಟಕಟನೆ ಕುಟ್ಟುತ್ತದೆ, ನೆಲವನ್ನು ಪಂಜದಿಂದ ಅಪ್ಪಳಿಸುತ್ತದೆ, ಕೆಲವು ವೇಳೆ ಒಮ್ಮೆಗೇ ಮುಂದೆ ನುಗ್ಗಿ ಹತ್ತಿರ ಬಂದು ನಿಂತುಬಿಡುತ್ತದೆ. ನೋಡಿದವನಿಗೆ ತೋರುವ ವಾಚ್ಯಾರ್ಥ ‘ನಿನ್ನನ್ನು ಕೊಲ್ಲುವೆನು’ ಎಂಬುದು. ಆದರೆ ಪ್ರಕರಣವನ್ನು ಬಲ್ಲವನಿಗೆ ವ್ಯಂಗ್ಯಾರ್ಥ ಬೇರೆ: ‘ನಾನು ಅಂಜಿದ್ದೇನೆ, ನನಗೆ ಸ್ವಲ್ಪ ದೂರವನ್ನು ಕೊಡು’. ರಾಜರ್ಸ್ ಮಹಾಶಯರೂ ಇದೇ ಅರ್ಥವನ್ನು ಹೇಳಿರುವರು. ಕಾವ್ಯದಲ್ಲಿ ವಾಚ್ಯವನ್ನೇ ಹಿಡಿದು ನಿಂತವನು ಅರಸಿಕನೆನಿಸುವನು. ಕಾಡಿನಲ್ಲಿ ಹಾಗೆ ಮಾಡಿದವನು ಬೆದರಿ ಓಡುವನು, ಇಲ್ಲವೆ ಗುಂಡು ಹಾರಿಸುವನು. ಅರ್ಥದೋಷದಿಂದ ಸತ್ತ ಕರಡಿಗಳ ಲೆಕ್ಕವನ್ನು ಇಟ್ಟವರಿಲ್ಲ.

ಈ ಉಪದೇಶವನ್ನು ಒಪ್ಪಿದ ಮೇಲೆಯೂ ಒಂದು ಪ್ರಶ್ನೆ ಉಳಿಯುತ್ತದೆ. ಗದ್ದಲ ಮಾಡುವ ಕರಡಿಯು ಹೆಚ್ಚಾಗಿ ಅಂಜಿದ ಕರಡಿಯಾದರೆ, ಗದ್ದಲವನ್ನೇ ಮಾಡದ ಕರಡಿ ಯಾವುದು? ಇದಕ್ಕೆ ಉತ್ತರ ಪ್ರತ್ಯಕ್ಷಪಂಥದ ಗ್ರಂಥಗಳಲ್ಲಿ ವಿರಳ. ಅದನ್ನು ಸಂಖ್ಯಾಪಂಥದಲ್ಲಿ ಹುಡುಕಬೇಕು.

5

ಕೆನಡದ ಕ್ಯಾಲ್ಗರಿ ವಿಶ್ವವಿದ್ಯಾನಿಲಯದ ಸ್ಟೀಫನ್ ಹೆರೇರೊ ಎಂಬ ವಿದ್ವಾಂಸರು 1985ರಲ್ಲಿ ‘ಬೇರ್ ಅಟ್ಯಾಕ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಕರಡಿಗಳು ಮನುಷ್ಯರ ಮೇಲೆ ಬಿದ್ದ ಪ್ರಸಂಗಗಳ ಕಾರಣಗಳನ್ನೂ ಅವುಗಳ ನಿವಾರಣೋಪಾಯಗಳನ್ನೂ ವಿವೇಚಿಸುವ ಗ್ರಂಥವದು. ಅದರ ಶೈಲಿ ಒಣಗಿದುದು. ರಕ್ತಪಾತವನ್ನು ವರ್ಣಿಸುವಾಗಲೂ ಗ್ರಂಥಕಾರರು ಭಯಾನಕರಸವನ್ನು ಬೆಳೆಯಿಸಲು ಹೋಗುವುದಿಲ್ಲ. ಇದು ದೋಷವಲ್ಲ, ಗುಣವೇ.

2011ರಲ್ಲಿ ಅವರೂ ಅವರ ಸಹಕಾರಿಗಳೂ ಸೇರಿ ಇನ್ನೊಂದು ಪ್ರಬಂಧವನ್ನು ಬರೆದರು. ಅದರ ಪ್ರಕಾರ 1900ರಿಂದ 2009ರವರೆಗಿನ 110 ವರ್ಷಗಳಲ್ಲಿ ಸೆರೆಯಲ್ಲಿಲ್ಲದ ಕಪ್ಪು ಕರಡಿಗಳಿಂದ ಸತ್ತವರು 63 ಮಂದಿ, ಪ್ರಸಂಗಗಳು 59. ಈ ಸಾವುಗಳಲ್ಲಿ ನೂರಕ್ಕೆ 86 ಪಾಲು 1960ರಿಂದೀಚೆಗೆ ಸಂಭವಿಸಿದವು. ಆಕ್ರಮಣದ ಬಗೆಯನ್ನು ನಿರ್ಣಯಿಸಲು ಸಾಧ್ಯವಾದ ಪ್ರಸಂಗಗಳಲ್ಲಿ ನೂರಕ್ಕೆ 88ರಷ್ಟು ಆಹಾರಕ್ಕಾಗಿ ಬೇಟೆಯಾಡುವ ಬಗೆಯವು. ಅಂತಹವುಗಳಲ್ಲಿ ಕರಡಿಯ ಲಿಂಗವು ತಿಳಿದುಬಂದ ಕಡೆ ನೂರಕ್ಕೆ 92ರಷ್ಟು ಗಂಡು ಕರಡಿಗಳು.

ಈ ಸಂಖ್ಯೆಗಳು ಮೂರು ಮಾತುಗಳನ್ನು ಹೇಳುತ್ತವೆ. ಮೊದಲನೆಯದು, ಲಕ್ಷಗಟ್ಟಲೆ ಕರಡಿಗಳಿರುವ ಖಂಡದಲ್ಲಿ ಇಂತಹ ಮರಣವು ಅತ್ಯಂತ ವಿರಳ. ಎರಡನೆಯದು, ಮರಿಗಳುಳ್ಳ ತಾಯಿಯೇ ಎಲ್ಲಕ್ಕಿಂತ ಭಯಂಕರಳೆಂಬ ಲೋಕೋಕ್ತಿ ಕಪ್ಪು ಕರಡಿಯ ವಿಷಯದಲ್ಲಿ ನಿಲ್ಲುವುದಿಲ್ಲ. ಆ ತಾಯಿ ಸಾಮಾನ್ಯವಾಗಿ ಮರಿಗಳನ್ನು ಮರಕ್ಕೆ ಹತ್ತಿಸಿ, ತಾನು ಕೆಳಗೆ ನಿಂತು ಗದ್ದಲ ಮಾಡುತ್ತದೆ. ಮೂರನೆಯದೇ ಮುಖ್ಯವಾದುದು. ಬೇಟೆಯ ಉದ್ದೇಶದಿಂದ ಬರುವ ಕರಡಿ ಬುಸುಗುಟ್ಟುವುದಿಲ್ಲ, ಹಲ್ಲು ಕಡಿಯುವುದಿಲ್ಲ. ಅದು ಮೌನವಾಗಿ ಹಿಂಬಾಲಿಸುತ್ತದೆ, ದೃಷ್ಟಿಯನ್ನು ಕದಲಿಸದೆ ಹತ್ತಿರವಾಗುತ್ತದೆ. ಅದನ್ನು ಕೂಗಿ, ಎದುರಿಸಿ, ಕೈಯಲ್ಲಿದ್ದುದರಿಂದ ಹೊಡೆದು ಓಡಿಸುವುದೊಂದೇ ಮಾರ್ಗ.

ಆದುದರಿಂದ ಕಿಲ್ಹಮ್‌ರ ಗ್ರಂಥವು ನುಡಿಯುವ ಕರಡಿಯ ವ್ಯಾಖ್ಯಾನ. ಹೆರೇರೊರ ಗ್ರಂಥವು ನುಡಿಯದ ಕರಡಿಯ ವ್ಯಾಖ್ಯಾನ. ಒಂದನ್ನು ಮಾತ್ರ ಓದಿದವನು ಅರ್ಧಪಂಡಿತನು. ಮೊದಲನೆಯದನ್ನಷ್ಟೇ ಓದಿದವನಿಗೆ ಎಲ್ಲ ಕರಡಿಯೂ ಸ್ಕ್ವರ್ಟಿಯಾಗಿ ತೋರುವುದು. ಎರಡನೆಯದನ್ನಷ್ಟೇ ಓದಿದವನಿಗೆ ಎಲ್ಲ ಕರಡಿಯೂ ಮೃತ್ಯುವಾಗಿ ತೋರುವುದು. ಎರಡೂ ಭ್ರಮೆಯೇ.

6

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಕಿಲ್ಹಮ್, ರಾಜರ್ಸ್ ಮೊದಲಾದವರು ಸಾವಿರಾರು ಗಂಟೆಗಳ ಕಾಲ ಕರಡಿಗಳೊಡನೆ ಇದ್ದು ಕ್ಷೇಮವಾಗಿ ಹಿಂತಿರುಗಿದರು. ಭೂಯೋದರ್ಶನದಿಂದ ವ್ಯಾಪ್ತಿ ಸಿದ್ಧಿಸುವುದಷ್ಟೆ. ಆದುದರಿಂದ ಕಪ್ಪು ಕರಡಿ ಮನುಷ್ಯನಿಗೆ ನಿರಪಾಯವಾದುದೆಂದು ಅನುಮಾನಿಸಲು ಅಡ್ಡಿಯೇನು?

ಉತ್ತರ: ತರ್ಕವನ್ನು ಓದಿದವರಿಗೆ ಉಪಾಧಿಯ ಪರಿಚಯವುಂಟು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂದು ಹೇಳಲಾಗದು. ಹಸಿಯ ಸೌದೆಯ ಸಂಬಂಧವಿದ್ದಲ್ಲಿ ಮಾತ್ರ ಹೊಗೆ. ಹಸಿಸೌದೆಯೇ ಅಲ್ಲಿ ಉಪಾಧಿ. ಹಾಗೆಯೇ ಕಿಲ್ಹಮ್‌ರ ಪ್ರಸಂಗದಲ್ಲಿ ‘ಕರಡಿಯಾದುದರಿಂದ ನಿರಪಾಯ’ ಎಂಬ ವ್ಯಾಪ್ತಿ ಸೋಪಾಧಿಕವಾದುದು. ಶೈಶವದಿಂದ ಬಂದ ಪರಿಚಯ, ಆ ಮನುಷ್ಯನ ವಾಸನೆಯ ಅಭ್ಯಾಸ, ಅವನಿಗೆ ಅದರ ನುಡಿಯಲ್ಲಿರುವ ಪಾಂಡಿತ್ಯ, ಇವೇ ಅಲ್ಲಿಯ ಹಸಿಸೌದೆ. ಇವು ಮೂರೂ ಇಲ್ಲದ ದಾರಿಹೋಕನಿಗೆ ಆ ವ್ಯಾಪ್ತಿ ಅನ್ವಯಿಸದು. ಡಿಬ್ರುಯಿನ್‌ರ ಕರಡಿಗಳು ಕೈಯಲ್ಲಿ ಸಾಕಿದವಲ್ಲ, ಕಾಡಿನವೇ. ಆದುದರಿಂದ ಅವರ ಸಾಕ್ಷ್ಯಕ್ಕೆ ಈ ವಿಷಯದಲ್ಲಿ ಹೆಚ್ಚು ಬಲವುಂಟು. ಆದರೂ ದೀರ್ಘಪರಿಚಯವೆಂಬ ಉಪಾಧಿ ಅಲ್ಲಿಯೂ ಉಳಿದೇ ಇದೆ.

ಇದಕ್ಕೆ ಪ್ರತಿಯಾಗಿ, 2003ರಲ್ಲಿ ಅಲಾಸ್ಕದ ಕಟ್ಮಾಯ್ ಉದ್ಯಾನದಲ್ಲಿ ಕರಡಿಯಿಂದ ಹತನಾದ ಟಿಮೊಥಿ ಟ್ರೆಡ್‌ವೆಲ್ಲನ ಉದಾಹರಣೆಯನ್ನು ಕೆಲವರು ತರುವರು. ಅವನು ಅನೇಕ ಬೇಸಿಗೆಗಳನ್ನು ಕರಡಿಗಳ ನಡುವೆ ಕಳೆದವನು. 2005ರಲ್ಲಿ ವೆರ್ನರ್ ಹೆರ್ಟ್‌ಸೋಗ್ ಎಂಬ ನಿರ್ದೇಶಕನು ಅವನ ವೃತ್ತಾಂತವನ್ನು ಚಲಚ್ಚಿತ್ರವಾಗಿಸಿದನು. ಆದರೆ ಅವು ಕಂದು ಕರಡಿಗಳು. ಒಂದು ಜಾತಿಯ ದೃಷ್ಟಾಂತದಿಂದ ಇನ್ನೊಂದು ಜಾತಿಯ ಗ್ರಂಥಕಾರರನ್ನು ಖಂಡಿಸುವುದು ನ್ಯಾಯವಲ್ಲ. ಪ್ರೀತಿಯೊಂದೇ ರಕ್ಷಾಕವಚವಲ್ಲವೆಂಬಷ್ಟನ್ನು ಮಾತ್ರ ಆ ಪ್ರಸಂಗದಿಂದ ಗ್ರಹಿಸಬಹುದು.

7

ಕಿಲ್ಹಮ್‌ರ ಭಾಷೆಯ ಮೇಲೆ ಬರುವ ಆಕ್ಷೇಪವನ್ನೂ ವಿಚಾರಿಸಬೇಕು. ಕರಡಿಯು ಹಂಚಿಕೊಳ್ಳುತ್ತದೆ, ದಂಡಿಸುತ್ತದೆ, ವಿವೇಚಿಸುತ್ತದೆ ಎಂಬಂತಹ ಪ್ರಯೋಗಗಳು ಮನುಷ್ಯಧರ್ಮವನ್ನು ಪ್ರಾಣಿಯ ಮೇಲೆ ಆರೋಪಿಸುವುವೆಂದು ಕೆಲವು ವಿಜ್ಞಾನಿಗಳು ಹೇಳುವರು. ನಮ್ಮ ಆಲಂಕಾರಿಕರಿಗೂ ಈ ತೊಡಕು ಹೊಸದಲ್ಲ. ಸಾಹಿತ್ಯದರ್ಪಣಕಾರನು ತಿರ್ಯಗ್ಜಂತುಗಳಲ್ಲಿ ವರ್ಣಿತವಾದ ಶೃಂಗಾರವನ್ನು ರಸಾಭಾಸದಲ್ಲಿ ಸೇರಿಸಿದನು. ಆದರೂ ಕುಮಾರಸಂಭವದ ಮೂರನೆಯ ಸರ್ಗದಲ್ಲಿ ವಸಂತಾಗಮನದಿಂದ ಪರವಶವಾದ ಮೃಗಗಳ ವರ್ಣನೆಯನ್ನು ಓದಿ ಸಹೃದಯನು ಅದು ಆಭಾಸವೆಂದು ಮುಖ ತಿರುಗಿಸಲಿಲ್ಲ.

ಪ್ರಯೋಗದ ಸಾಧುತ್ವಕ್ಕೆ ಲಕ್ಷಣಾವೃತ್ತಿಯ ನಿಯಮವನ್ನೇ ಒರೆಗಲ್ಲಾಗಿ ಇಟ್ಟುಕೊಳ್ಳಬಹುದು. ಮುಖ್ಯಾರ್ಥಕ್ಕೆ ಬಾಧೆಯಿದ್ದು, ಅದರೊಡನೆ ಸಂಬಂಧವೂ ಒಂದು ಪ್ರಯೋಜನವೂ ಇದ್ದರೆ ಲಾಕ್ಷಣಿಕ ಪ್ರಯೋಗವು ಅದುಷ್ಟ. ಕಿಲ್ಹಮ್ ಮಹಾಶಯರು ಕಂಡ ನಡೆಯನ್ನು ಮೊದಲು ಹೇಳಿ, ಅದಕ್ಕೆ ಮನುಷ್ಯವ್ಯವಹಾರದ ಹೆಸರನ್ನು ಅನಂತರ ಇಟ್ಟ ಕಡೆಗಳಲ್ಲಿ ಓದುಗನು ಹೆಸರನ್ನು ಬಿಟ್ಟು ನಡೆಯನ್ನು ಉಳಿಸಿಕೊಳ್ಳಬಹುದು, ಅಲ್ಲಿ ದೋಷವಿಲ್ಲ. ಆದರೆ ಎರಡನೆಯ ಗ್ರಂಥದಲ್ಲಿ ಅವರು ಕರಡಿಗಳ ಪರಸ್ಪರೋಪಕಾರದಿಂದ ಆದಿಮಾನವರ ಸಮಾಜದ ಉತ್ಪತ್ತಿಯನ್ನು ಸೂಚಿಸಲು ಹೋಗುವರು. ಇಲ್ಲಿ ದೃಷ್ಟಾಂತವು ಹೇತುವಿನ ಸ್ಥಾನವನ್ನು ಆಕ್ರಮಿಸಿದೆ. ಎರಡು ವಸ್ತುಗಳಿಗೆ ಹೋಲಿಕೆಯಿದೆಯೆಂದು ತೋರಿಸುವುದು ಬೇರೆ, ಒಂದರ ಕಾರಣವೇ ಇನ್ನೊಂದರ ಕಾರಣವೆಂದು ಸಾಧಿಸುವುದು ಬೇರೆ. ಗ್ರಂಥದ ಅತ್ಯಂತ ದುರ್ಬಲವಾದ ಭಾಗವಿದು. ಈ ಭಾಗವನ್ನು ತೆಗೆದರೂ ಗ್ರಂಥದ ಬೆಲೆ ಕುಂದುವುದಿಲ್ಲವೆಂಬುದು ಗ್ರಂಥಕಾರರಿಗೆ ಭೂಷಣವೇ.

8

ಸಿದ್ಧವಸ್ತುವಿನ ವಿಚಾರವು ಇಷ್ಟಾಯಿತು. ಇನ್ನು ಕರ್ತವ್ಯದ ವಿಚಾರ. ಕರಡಿಯೊಡನೆ ನೆರೆಯಾಗಿ ಬಾಳಬೇಕಾದವನು ಏನು ಮಾಡಬೇಕು?

ಕರಡಿಯ ವರ್ಷವನ್ನು ಬಲ್ಲವನಿಗೆ ಉತ್ತರವು ಸುಲಭವಾಗಿ ಹೊಳೆಯುವುದು. ಉತ್ತರದ ಚಳಿನಾಡಿನಲ್ಲಿ ಅದು ವರ್ಷದ ಐದಾರು ತಿಂಗಳು, ಕೆಲವೆಡೆ ಏಳು ತಿಂಗಳವರೆಗೂ, ಗವಿಯಲ್ಲಿ ಆಹಾರವಿಲ್ಲದೆ ಮಲಗಿರಬೇಕು. ಶರತ್ಕಾಲದಲ್ಲಿ ಅದು ದಿನವೊಂದಕ್ಕೆ ಸುಮಾರು 20,000 ಕ್ಯಾಲೊರಿಯವರೆಗೂ ತಿನ್ನಬಲ್ಲದು. ಬೇಸಿಗೆಯಲ್ಲಿ ಗರ್ಭಕಟ್ಟಿದರೂ ಭ್ರೂಣವು ಚಳಿಗಾಲದ ಆರಂಭದವರೆಗೆ ಗರ್ಭಕೋಶದಲ್ಲಿ ನೆಲೆಗೊಳ್ಳದು. ತಾಯಿಯ ಮೈಯಲ್ಲಿ ಸಾಕಷ್ಟು ಕೊಬ್ಬು ಶೇಖರವಾಗದಿದ್ದರೆ ಅದು ಬೆಳೆಯದೆ ಹೋಗುವುದು. ಹೀಗೆ ಕರಡಿಯ ಸಂತಾನವೇ ಶರತ್ಕಾಲದ ಊಟದ ಮೇಲೆ ನಿಂತಿದೆ. ಅಂತಹ ಜಂತುವಿಗೆ ಮನೆಯ ಹಿತ್ತಲಿನ ತೆರೆದ ಕಸದ ಡಬ್ಬವೂ ಹಕ್ಕಿಗಳಿಗೆಂದು ತೂಗುಹಾಕಿದ ಕಾಳಿನ ತಟ್ಟೆಯೂ ಅನ್ನಸತ್ರಗಳಾಗಿ ಕಂಡರೆ ಆಶ್ಚರ್ಯವೇನು?

ಈ ವಿಷಯದಲ್ಲಿ ಪ್ರಯೋಗದಿಂದ ದೊರೆತ ಪ್ರಮಾಣಗಳುಂಟು. ಕ್ಯಾಲಿಫೋರ್ನಿಯದ ಯೊಸೆಮಿಟಿ ಉದ್ಯಾನದಲ್ಲಿ 1998ರಲ್ಲಿ ಕರಡಿಗಳ ಹಾವಳಿಯ 1,500ಕ್ಕೂ ಹೆಚ್ಚು ಪ್ರಸಂಗಗಳು ದಾಖಲಾದವು. ಯಾತ್ರಿಕರ ಮೋಟಾರುಗಳ ಬಾಗಿಲುಗಳನ್ನು ಕಿತ್ತು ಕರಡಿಗಳು ತಿಂಡಿಯನ್ನು ತಿಂದವು. ಆಹಾರವನ್ನು ಕಬ್ಬಿಣದ ಪೆಟ್ಟಿಗೆಗಳಲ್ಲಿಯೇ ಇಡಬೇಕೆಂಬ ಕಟ್ಟಳೆಯನ್ನು ಬಿಗಿಯಾಗಿ ನಡೆಸಿದ ಮೇಲೆ ಈ ಸಂಖ್ಯೆ ಬಹುವಾಗಿ ಇಳಿಯಿತು. ಕೊಲರಾಡೊ ಸಂಸ್ಥಾನದ ಡುರಾಂಗೊ ಪಟ್ಟಣದಲ್ಲಿ ಸಂಶೋಧಕರು ಕರಡಿ ತೆರೆಯಲಾರದ 1,110 ಕಸದ ಡಬ್ಬಗಳನ್ನು ಕೆಲವು ಭಾಗಗಳಲ್ಲಿ ಹಂಚಿ, ಮಿಕ್ಕ ಭಾಗಗಳೊಡನೆ ಹೋಲಿಸಿ ನೋಡಿದರು. ಡಬ್ಬ ಹಂಚಿದೆಡೆ ಕಸದ ನಿಮಿತ್ತದ ಘರ್ಷಣೆಗಳು ನೂರಕ್ಕೆ 60ರಷ್ಟು ಕಡಿಮೆಯಾಗಿದ್ದುವೆಂದು 2018ರಲ್ಲಿ ಪ್ರಕಟಿಸಿದರು. ಇದು ಅನ್ವಯವ್ಯತಿರೇಕಗಳೆರಡನ್ನೂ ತೋರಿಸಿದ ಪ್ರಮಾಣ. ಕೆನಡದ ಒಂಟೇರಿಯೊ ಪ್ರಾಂತದಲ್ಲಿ 2014ರಲ್ಲಿ ಪ್ರಕಟವಾದ ಪರಿಶೀಲನೆಯಂತೆ, ಕಾಡಿನಲ್ಲಿ ಹಣ್ಣುಕಾಯಿಗಳು ಕಡಿಮೆಯಾದ ವರ್ಷ ಘರ್ಷಣೆ ಹೆಚ್ಚಿತು. ಬೇಟೆಯಲ್ಲಿ ಹೆಚ್ಚು ಕರಡಿಗಳನ್ನು ಕೊಂದುದರಿಂದ ಮುಂದೆ ಘರ್ಷಣೆ ಕಡಿಮೆಯಾದಂತೆ ಕಂಡುಬರಲಿಲ್ಲ.

ಇಲ್ಲಿಯೂ ಒಂದು ವಿಪ್ರತಿಪತ್ತಿಯಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ‘ಉಣಿಸಿದ ಕರಡಿ ಸತ್ತ ಕರಡಿ’ ಎಂಬುದು ಅಮೆರಿಕದ ಅರಣ್ಯಾಧಿಕಾರಿಗಳ ಸೂತ್ರವಾಕ್ಯ. ಮನುಷ್ಯನ ಅನ್ನದ ರುಚಿ ಹತ್ತಿದ ಕರಡಿ ಮನೆಗಳಿಗೆ ನುಗ್ಗಿ ಕೊನೆಗೆ ಗುಂಡಿಗೆ ಬಲಿಯಾಗುವುದೆಂದು ಅದರ ಅಭಿಪ್ರಾಯ. ರಾಜರ್ಸ್ ಮಹಾಶಯರು 2011ರ ಪ್ರಬಂಧದಲ್ಲಿ ಇದನ್ನು ವಿರೋಧಿಸಿ, ಮನೆಗಳಿಂದ ದೂರ ಸೆಳೆಯುವಂತೆ ಆಹಾರವನ್ನಿಟ್ಟರೆ ಹಾವಳಿ ಕಡಿಮೆಯಾಗುವುದೆಂದು ಮಿನೆಸೋಟದ ಒಂದು ಪ್ರದೇಶದ ಎಂಟು ವರ್ಷಗಳ ಅನುಭವದಿಂದ ವಾದಿಸಿದರು. ಅವರು ಕರಡಿಗಳಿಗೆ ರೇಡಿಯೋ ಕೊರಳಪಟ್ಟಿ ತೊಡಿಸಲು ಇದ್ದ ಅನುಮತಿಯನ್ನು 2013ರಲ್ಲಿ ಅಲ್ಲಿಯ ಸರಕಾರದ ಇಲಾಖೆ ನವೀಕರಿಸಲಿಲ್ಲ. ಜನರ ಕ್ಷೇಮವನ್ನು ಅದು ಒಂದು ಕಾರಣವಾಗಿ ಹೇಳಿತು. 2015ರಲ್ಲಿ ಮೇಲ್ಮನವಿಯ ನ್ಯಾಯಾಲಯವೂ ಇಲಾಖೆಯ ನಿರ್ಣಯವನ್ನೇ ಎತ್ತಿಹಿಡಿಯಿತು.

ನ್ಯಾಯಾಲಯದ ತೀರ್ಪು ಅಧಿಕಾರವನ್ನು ನಿರ್ಣಯಿಸುವುದೇ ಹೊರತು ಕರಡಿಯ ಸ್ವಭಾವವನ್ನಲ್ಲ. ಆದುದರಿಂದ ರಾಜರ್ಸ್‌ರ ಪ್ರಬಂಧವು ತೀರ್ಪಿನಿಂದ ಸುಳ್ಳಾಗಲಿಲ್ಲ. ಆದರೆ ಸೂತ್ರವಾಕ್ಯಕ್ಕೆ ಅಪವಾದವಿದೆಯೆಂದು ತೋರಿಸಿದ ಮಾತ್ರಕ್ಕೆ ಅಪವಾದವೇ ಉತ್ಸರ್ಗವಾಗುವುದಿಲ್ಲ. ಮನೆಗಳು ವಿರಳವಾದ ಕಾಡಿನಂಚಿನಲ್ಲಿ, ಕರಡಿಗಳನ್ನು ಒಂದೊಂದಾಗಿ ಗುರುತಿಸಬಲ್ಲವನ ಕಣ್ಣೆದುರಿಗೆ ನಡೆದುದನ್ನು ಜನನಿಬಿಡವಾದ ಪಟ್ಟಣಕ್ಕೆ ವಿಧಿಸಲಾಗದು. ಪಟ್ಟಣದ ಗೃಹಸ್ಥನು ಡಬ್ಬದ ಮುಚ್ಚಳವನ್ನು ಭದ್ರಪಡಿಸುವುದೇ ಶ್ರೇಯಸ್ಸು. ಈ ವಿಧಿಗೆ ಕರಡಿಯನ್ನು ಪ್ರೀತಿಸುವವನು, ದ್ವೇಷಿಸುವವನು ಎಂಬ ಅಧಿಕಾರಿಭೇದವಿಲ್ಲವೆಂಬುದೇ ಇದರ ದೊಡ್ಡ ಗುಣ.

9

ಕಡೆಯದಾಗಿ ನಮ್ಮ ನಾಡಿನ ಮಾತು. ಮೇಲಿನ ವಿಧಿನಿಷೇಧಗಳನ್ನು ಕರ್ಣಾಟಕಕ್ಕೆ ಹಾಗೆಯೇ ಅತಿದೇಶ ಮಾಡಬಾರದು. ನಮ್ಮ ಕಾಡುಗಳಲ್ಲಿರುವುದು ಗೆದ್ದಲು, ಇರುವೆ, ಹಣ್ಣು, ಜೇನುಗಳನ್ನು ತಿಂದು ಬಾಳುವ, ಮರಿಗಳನ್ನು ಬೆನ್ನ ಮೇಲೆ ಹೊರುವ, ಬೇರೆ ಜಾತಿಯ ಕರಡಿ. ಅದರ ಮೈಬಣ್ಣವೂ ಕಪ್ಪೇ. ಕೆನೆತ್ ಆಂಡರ್ಸನ್ 1957ರ ತನ್ನ ಬೇಟೆಯ ಗ್ರಂಥದಲ್ಲಿ ‘ಕಪ್ಪು ಕರಡಿ’ ಎಂದು ವರ್ಣಿಸಿದುದು ಈ ನಮ್ಮ ಕರಡಿಯನ್ನೇ. ಹೆಸರಿನ ಸಾಮ್ಯದಿಂದ ಅಮೆರಿಕದ ಕರಡಿಯೆಂದು ಭ್ರಮಿಸಬಾರದು. ಹುಲಿಯಿರುವ ಕಾಡಿನಲ್ಲಿ ಬಾಳಿಬಂದ ಈ ಕರಡಿಯು ಹಠಾತ್ತಾಗಿ ಎದುರಾದ ಮನುಷ್ಯನ ಮೇಲೆ ಆತ್ಮರಕ್ಷಣೆಗಾಗಿ ನಿಜವಾಗಿಯೇ ಬೀಳುತ್ತದೆ. ನುಗ್ಗಿ ಬಂದು ನಿಂತುಬಿಡುವುದೆಂಬ ಅಮೆರಿಕದ ಭರವಸೆಯನ್ನು ನೆಚ್ಚಿ ಇದರೆದುರು ನಿಲ್ಲುವುದು ಅವಿವೇಕ. ಹಂಪೆಯ ಸಮೀಪದ ದರೋಜಿಯಲ್ಲಿ 1994ರಲ್ಲಿ ಇದಕ್ಕಾಗಿಯೇ ಧಾಮವೊಂದು ಏರ್ಪಟ್ಟಿತು. ಸುತ್ತಲಿನ ಗ್ರಾಮಸ್ಥರಿಗೆ ಬೇಕಾದುದು ನಮ್ಮ ಕರಡಿಯ ನಡೆಯನ್ನೇ ನೋಡಿ ಬರೆದ ಕನ್ನಡ ಗ್ರಂಥ. ಅನುವಾದದಿಂದ ಆ ಕೊರತೆ ತೀರದು. ಅಮೆರಿಕದ ಗ್ರಂಥಕಾರರಿಂದ ನಾವು ತರಬೇಕಾದುದು ಸಿದ್ಧಾಂತವನ್ನಲ್ಲ, ರೀತಿಯನ್ನು: ಕಿಲ್ಹಮ್‌ರಿಂದ ತಾಳ್ಮೆಯ ಕಣ್ಣನ್ನು, ಹೆರೇರೊರಿಂದ ಪಕ್ಷಪಾತವಿಲ್ಲದ ಎಣಿಕೆಯನ್ನು.

ಕರಡಿಗೆ ಭಾಷೆಯಿಂದಲೇ ಅನ್ಯಾಯವಾದ ನಿದರ್ಶನವೊಂದು ನಮ್ಮಲ್ಲಿಯೇ ಇದೆ. ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಅಲ್ಲಿರುವುದು ಮೃಗವಲ್ಲ, ಲಿಂಗವನ್ನಿಡುವ ಕರಡಿಗೆಯೆಂದು ಕೆಲವರೂ, ಉತ್ತರ ಕರ್ಣಾಟಕದಲ್ಲಿ ಇಂದಿಗೂ ಬಾರಿಸುವ ಕರಡಿಯೆಂಬ ಚರ್ಮವಾದ್ಯವೆಂದು ಕೆಲವರೂ ವಿವರಿಸುವರು. ಯಾವ ಪಕ್ಷವು ನಿಂತರೂ ಮೃಗವು ನಿರಪರಾಧಿ. ಒಂದು ಶಬ್ದವನ್ನು ತಪ್ಪಾಗಿ ಓದಿ ನಾವು ಅದನ್ನು ಪೂಜಾಭಂಗಕಾರಿಯೆಂದು ತಲೆಮಾರುಗಳಿಂದ ನಿಂದಿಸಿದೆವು.

ಗಾದೆಯ ತಪ್ಪಿನಿಂದ ಯಾರ ಪ್ರಾಣವೂ ಹೋಗಲಿಲ್ಲ. ಈಸೋಪನ ಕಥೆಯ ವಿಷಯದಲ್ಲಿ ಹಾಗೆಂದು ನಿಶ್ಚಿಂತರಾಗಿರಲಾಗದು. ಕಾಡಂಚಿನ ಶಾಲೆಗಳಲ್ಲಿ ಅದನ್ನು ಪಾಠ ಹೇಳುವ ಉಪಾಧ್ಯಾಯರು ಕಥೆಯನ್ನು ಬಿಡಬೇಕಾಗಿಲ್ಲ. ನೀತಿಯನ್ನು ಹೇಳಿದ ಮೇಲೆ, ಇದು ಗೆಳೆತನದ ಪಾಠವೇ ಹೊರತು ಕರಡಿಯ ಪಾಠವಲ್ಲವೆಂದು ಒಂದು ಮಾತನ್ನು ಸೇರಿಸಿದರೆ ಸಾಕು.